ಕಳ್ಳಿ ಗಿಡ ದಷ್ಟಪುಷ್ಟವಾಗಿದೆ, ಹೂ ಮಾತ್ರ ಇಲ್ಲ

ಸಿಟೌಟ್_ತೋಟ (ಮೈಸೂರು):
ಕುವೆಂಪುನಗರದಲ್ಲಿ ಮನೆ. ಸಿಟೌಟ್‌ನಲ್ಲಿ ಎರಡು ಜಾತಿಯ ಕಳ್ಳಿ ಇಟ್ಟಿದ್ದೇನೆ: ಎರಡು ಮ್ಯಾಮಿಲೇರಿಯಾ, ಒಂದು ಎಕಿನಾಪ್ಸಿಸ್. ಬೆಳಗ್ಗೆ ಸ್ವಲ್ಪ ಹೊತ್ತು ಬಿಸಿಲು ಬರುತ್ತದೆ. ಗುಲಾಬಿಗೆ ನೀರು ಹಾಕುವಾಗ ಇವಕ್ಕೂ ಹಾಕುತ್ತೇನೆ. ಹಸಿರಾಗಿ ಉದ್ದಕ್ಕೆ ಬೆಳೆಯುತ್ತಿವೆ, ಆದರೆ ಒಂದು ಮೊಗ್ಗೂ ಇಲ್ಲ. ಇನ್ನೊಂದು ವಿಷಯ, ರಸ್ತೆ ಬದಿ ಗಾಡಿಯಲ್ಲಿ ತಂದ ಪುಟ್ಟ ಕಳ್ಳಿಯ ತಲೆ ಮೇಲಿನ ಹಳದಿ ಹೂ ತಿಂಗಳಾದರೂ ಬಾಡಿಲ್ಲ. ಇದು ಯಾವ ಜಾತಿ?

ಕಬ್ಬಿನೂರು (ಮಂಡ್ಯ):
ಅದು ಗೋಂದಿನ ಜಾತಿ 😄 ಮುಟ್ಟಿ ನೋಡಿ, ಕಾಗದದ ಹಾಗೆ ಸರಸರ ಅನ್ನುತ್ತದೆ. ಒಣಗಿಸಿದ ಹೂವನ್ನು ಬಿಸಿ ಗೋಂದು ಹಾಕಿ ಅಂಟಿಸಿರುತ್ತಾರೆ. ನಿಜವಾದ ಕಳ್ಳಿ ಹೂ ಅಷ್ಟು ದಿನ ಎಲ್ಲಿ ಇರುತ್ತದೆ? ಕಿತ್ತರೆ ಸಿಪ್ಪೆ ಸುಲಿದು ಅಲ್ಲೇ ಕೊಳೆಯಬಹುದು, ಸುಮ್ನೆ ಬಿಡಿ.

ಮುಳ್ಳುಹಂದಿ:
ಉದ್ದಕ್ಕೆ ಬೆಳೆಯುವುದು ಖುಷಿ ಪಡುವ ವಿಷಯ ಅಲ್ಲ, ಬಿಸಿಲು ಸಾಲದೆ ಗಿಡ ಬೆಳಕಿನ ಕಡೆ ಎಳೆದುಕೊಳ್ಳುತ್ತಿದೆ. ತಾರಸಿಗೆ ಹಾಕಿ, ಆದರೆ ಒಂದೇ ಸಲ ಮಾರ್ಚ್ ಬಿಸಿಲಿಗಿಟ್ಟರೆ ಸುಟ್ಟು ಬಿಳಿ ಕಲೆ ಬೀಳುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ, ಹಾಗಾಗಿ ದಿನಕ್ಕೆ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ. ಗುಲಾಬಿಯ ಲೆಕ್ಕದಲ್ಲಿ ನೀರು ಬೇಡವೇ ಬೇಡ. ಡಿಸೆಂಬರ್, ಜನವರಿಯ ಚಳಿಯಲ್ಲಿ ಹೆಚ್ಚುಕಡಿಮೆ ಒಣಗಿಸಿಯೇ ಇಡಿ. ಆ ವಿಶ್ರಾಂತಿ ಸಿಕ್ಕ ಮೇಲೆ ಫೆಬ್ರವರಿ ಕೊನೆಯಲ್ಲಿ ನೀರು ಶುರು ಮಾಡಿದರೆ ಮೊಗ್ಗು ಕಾಣಬಹುದು. ಮ್ಯಾಮಿಲೇರಿಯಾ ಹೂ ಬಿಡುವುದು ನೆತ್ತಿಯ ಸುತ್ತ, ಬಳೆ ಹಾಗೆ ಸಾಲಾಗಿ, ಅದೂ ಹಿಂದಿನ ವರ್ಷ ಬೆಳೆದ ಭಾಗದಲ್ಲಿ. ಈ ವರ್ಷ ನೆರಳಲ್ಲಿ ಕೂತಿದ್ದರೆ ಮುಂದಿನ ವರ್ಷದ ಹೂವಿಗೂ ಏಟು. ಯೂರಿಯಾ ಗೀರಿಯಾ ಹಾಕಬೇಡಿ, ಬರೀ ಮೈ ಬೆಳೆಯುತ್ತದೆ.

ರಾತ್ರಿಹೂ (ಮೈಸೂರು):
ಒಂದು ಸೇರಿಸುತ್ತೇನೆ. ಎಕಿನಾಪ್ಸಿಸ್‌ನಲ್ಲಿ ಪಕ್ಕದಿಂದ ಕಪ್ಪು ಕೂದಲಿನ ಉಂಡೆ ಹೊರಟರೆ ಮರಿ ಅಂತ ಕೀಳಬೇಡಿ, ಅದೇ ಮೊಗ್ಗು. ಗೇಣುದ್ದದ ಕೊಳವೆ ಆಗಿ ಸಂಜೆ ಮೇಲೆ ಅರಳುತ್ತದೆ, ಮಾರನೇ ದಿನವೇ ಜೋತು ಬೀಳುತ್ತದೆ. ನಮ್ಮ ಮನೆ ಮನೆಯ ಬ್ರಹ್ಮಕಮಲವೂ ಕಳ್ಳಿ ಕುಟುಂಬದ್ದೇ ಅಲ್ವಾ, ಮೆಕ್ಸಿಕೋ ಕಡೆಯದು. ಆದರೆ ಕಾಡಲ್ಲಿ ಮರದ ಮೇಲೆ ಬೆಳೆಯುವ ಗಿಡ, ಅದಕ್ಕೆ ಮೇಲಿನ ಮಾತು ಅನ್ವಯಿಸಬೇಡಿ. ಅರೆ ನೆರಳು, ಎಲೆಗೊಬ್ಬರ, ಬೇಸಿಗೆಯಲ್ಲಿ ಜಾಸ್ತಿ ನೀರು ಬೇಕು. ನಮ್ಮ ಬೀದಿಯಲ್ಲಿ ಅದು ಅರಳುವ ರಾತ್ರಿ ಊದುಬತ್ತಿ ಹಿಡಿದುಕೊಂಡು ಅಕ್ಕಪಕ್ಕದವರೆಲ್ಲ ಹಾಜರ್!

ಸಿಟೌಟ್_ತೋಟ:
ಎಲ್ಲರಿಗೂ ಥ್ಯಾಂಕ್ಸ್. ಮಣ್ಣು ಬದಲಾಯಿಸಬೇಕಾ? ಈಗ ಬರೀ ಕೆಂಪು ಮಣ್ಣು. ಬುಡದಲ್ಲಿ ಹತ್ತಿ ಹಾಗೆ ಬಿಳಿ ಏನೋ ಇದೆ.

ಮುಳ್ಳುಹಂದಿ:
ಹಿಟ್ಟು ತಿಗಣೆ. ಹಳೇ ಬ್ರಷ್ ಅನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ, ಅವತ್ತು ನೆರಳಲ್ಲಿಡಿ. ಹೇಗೂ ಕುಂಡದಿಂದ ತೆಗೆದು ಬೇರು ನೋಡಬೇಕು, ಅಲ್ಲೂ ಕೂತಿರುತ್ತದೆ. ಮತ್ತೆ ನೆಡುವಾಗ ಅರ್ಧಕ್ಕಿಂತ ಜಾಸ್ತಿ ದಪ್ಪ ಮರಳು, ಇಟ್ಟಿಗೆ ಚೂರು, ಉಳಿದದ್ದು ಮಣ್ಣು, ಒಂದು ಹಿಡಿ ಎರೆಗೊಬ್ಬರ. ನೆಟ್ಟು ಒಂದು ವಾರ ನೀರು ಬೇಡ.