ನೀಲಿ ಜೋಡಿಗೆ ಕಪ್ಪು ಮರಿ

ಭಾನುವಾರ ಬೆಳಿಗ್ಗೆ ನಮ್ಮ 'ಮನೆಮಂದಿ' ಗುಂಪಿನಲ್ಲಿ ನಡೆದ ಜಗಳ ಇದು. ಗೋವಾದ ವಾಸ್ಕೊದಲ್ಲಿರುವ ದೊಡ್ಡಪ್ಪ ಹಿತ್ತಲಲ್ಲಿ ಕೊಚಿನ್ ಅನ್ನುವ ತಳಿಯ ನೀಲಿ ಕೋಳಿ ಜೋಡಿ ಸಾಕಿದ್ದಾರೆ. ನೀಲಿ ಅಂದರೆ ಶಾಯಿ ನೀಲಿ ಅಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ಬೂದಿ.

ದೊಡ್ಡಪ್ಪ: ಫೋಟೊ ನೋಡಿ. ಒಂಬತ್ತು ಮರಿ. ನಾಲ್ಕು ಬೂದಿ, ಮೂರು ಕಪ್ಪು, ಎರಡು ಮಾಸಲು ಬಿಳಿ. ಜೋಡಿ ಮಾರಿದವನು ನನಗೆ ಟೋಪಿ ಹಾಕಿದ.

ಕಾಕಾ, ಮಡಗಾಂವ್: ಅವನದೇನು ತಪ್ಪು ಅಣ್ಣಾ? ಪಕ್ಕದ ಮನೆ ಕೆಂಪು ಹುಂಜ ಗೋಡೆ ಹಾರಿದೆ.

ಕಾಕು: ಗುಂಪಿನಲ್ಲಿ ಮಕ್ಕಳಿದ್ದಾರೆ ರೀ.

ಕಾಕಾ: (ಫಾರ್ವರ್ಡ್) 'ಶುದ್ಧ ಜೋಡಿಗೆ ಒಂದೇ ಬಣ್ಣದ ಮರಿ. ಬೇರೆ ಬಣ್ಣ ಬಂದರೆ ಕಲಬೆರಕೆ.' ನಾನು ಹೇಳಿದ್ದಲ್ಲಪ್ಪ, ಬರೆದಿದೆ. ಕಪ್ಪು ಮೂರೂ ಬೆಳೆದ ಮೇಲೆ ನಮ್ಮ ಮನೆಗೆ ಕಳಿಸು. ಶಾಕುತಿ ಸಾರು ಮಾಡೋಣ.

ನಾನು: ಯಾರೂ ಟೋಪಿ ಹಾಕಿಲ್ಲ. ಯಾವ ಹುಂಜವೂ ಗೋಡೆ ಹಾರಿಲ್ಲ. ಕಪ್ಪನ್ನು ತಿಳಿಮಾಡುವ ಒಂದು ಜೀನ್ ಇದೆ. ಒಂದು ಪ್ರತಿ ಇದ್ದರೆ ಕಪ್ಪು ಕೋಳಿ ಬೂದಿ ಆಗುತ್ತದೆ. ಎರಡು ಪ್ರತಿ ಇದ್ದರೆ ಹೆಚ್ಚುಕಮ್ಮಿ ಬಿಳಿ, ಮೇಲೆ ಶಾಯಿ ಪೆನ್ನು ಜಾಡಿಸಿದ ಹಾಗೆ ಚುಕ್ಕೆ. ಅದಕ್ಕೆ ಸ್ಪ್ಲಾಶ್ ಅಂತಾರೆ. ಒಂದೂ ಇಲ್ಲದಿದ್ದರೆ ಅಪ್ಪಟ ಕಪ್ಪು. ದೊಡ್ಡಪ್ಪನ ಜೋಡಿಯಲ್ಲಿ ಎರಡರ ಹತ್ತಿರವೂ ಒಂದೊಂದೇ ಪ್ರತಿ. ಅದು ಮರಿಗೆ ದಾಟಬಹುದು, ದಾಟದೆಯೂ ಇರಬಹುದು. ಹಾಗಾಗಿ ನಾಲ್ಕು ಮರಿಗೆ ಸರಾಸರಿ ಒಂದು ಕಪ್ಪು, ಎರಡು ನೀಲಿ, ಒಂದು ಸ್ಪ್ಲಾಶ್. ನೀಲಿಗೆ ನೀಲಿ ಹಾಕಿದರೆ ಎಲ್ಲಾ ನೀಲಿಯೇ ಬರುತ್ತದೆ ಅನ್ನುವ ಹಾಗಿಲ್ಲ, ಜೋಡಿ ಎಷ್ಟು ಶುದ್ಧ ಇದ್ದರೂ.

ಕಾಕಾ: ಇದು ಪಿಯುಸಿ ಬಟಾಣಿ ಪಾಠ. ಬಟಾಣಿಗೂ ಕೋಳಿಗೂ ಎಲ್ಲಿಯ ಸಂಬಂಧ?

ನಾನು: ಮೆಂಡೆಲ್ ಬಟಾಣಿಯಲ್ಲಿ ಕಂಡ ನಿಯಮ ಪ್ರಾಣಿಗೂ ಸಲ್ಲುತ್ತದೆ ಅಂತ ಬೇಟ್ಸನ್ ಅನ್ನುವ ಇಂಗ್ಲಿಷ್ ವಿಜ್ಞಾನಿ 1902ರಲ್ಲಿ ತೋರಿಸಿದ್ದು ಕೋಳಿ ಜುಟ್ಟಿನಿಂದಲೇ, ಕಾಕಾ.

ಕಾಕಾ: ಸರಿ. ಆದರೂ ಆ ಹುಂಜದ ಮೇಲೆ ನನಗೆ ಅನುಮಾನ.

(ಕಾಕಾನಿಗೆ ಹುಂಜದ ಕಥೆ ಬಿಡಲು ಮನಸ್ಸಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದೇ ಇಷ್ಟ.)

ನಾನು: ಬಿಳಿ ಮರಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬೇಕೇ ಬೇಕು. ಆ ಹುಂಜದ ಬಾಲ ನೋಡಿದ್ದೀರಾ? ಮಿರಿಮಿರಿ ಕಪ್ಪು. ಈ ಜೀನ್ ಇದ್ದಿದ್ದರೆ ಬಾಲವೂ ಬೂದಿ ಆಗಬೇಕಿತ್ತು.

ದೊಡ್ಡಪ್ಪ: ಈಗಷ್ಟೇ ಗೋಡೆ ಹತ್ತಿರ ಹೋಗಿ ನೋಡಿ ಬಂದೆ. ಕಪ್ಪೇ. ಹಾಗಾದರೆ ಎಲ್ಲಾ ನೀಲಿ ಬೇಕು ಅಂದರೆ ಏನು ಮಾಡಲಿ?

ನಾನು: ಕಪ್ಪಿಗೆ ಸ್ಪ್ಲಾಶ್ ಜೋಡಿ ಮಾಡಿ. ಎಲ್ಲಾ ಮರಿಗೂ ಒಂದೊಂದೇ ಪ್ರತಿ ಸಿಗುತ್ತದೆ, ಎಲ್ಲವೂ ನೀಲಿ. ಒಂದೇ ಅಮ್ಮನ ಮರಿಗಳನ್ನೇ ಜೋಡಿ ಮಾಡಬೇಡಿ, ಒಂದನ್ನು ಹೊರಗಿಂದ ತನ್ನಿ. ಯಾರಿಗಾದರೂ ಕೊಡುವುದಿದ್ದರೆ ಬೂದಿ ಮರಿ ಕೊಡಿ.

ದೊಡ್ಡಪ್ಪ: ಅಯ್ಯೋ, ಚಂದ ಅಂತ ಬೂದಿ ನಾಲ್ಕನ್ನೇ ಬೇರೆ ಬುಟ್ಟಿಯಲ್ಲಿ ಇಟ್ಟಿದ್ದೆ!

ಹತ್ತು ನಿಮಿಷ ಎಲ್ಲರೂ ಗಪ್‌ಚುಪ್.

ಕಾಕಾ: ಅಣ್ಣಾ, ಕಪ್ಪು ನನಗೆ ಅಂತ ಮೊದಲೇ ಮಾತಾಗಿದೆ.

ದೊಡ್ಡಪ್ಪ: ಶಾಕುತಿಗೆ ತಾನೇ?

ಕಾಕಾ: ಶಾಕುತಿ ಬಿಡು. ಗೂಡು ಮಾಡಲು ಬಡಗಿಗೆ ಹೇಳಿದ್ದೇನೆ. ಜೊತೆಗೆ ಬಿಳಿದೂ ಒಂದು ಇರಲಿ.