‘ಸ್ಟೇಟಸ್ ಹಾಕಿದ್ದೇ ತಪ್ಪಾಯ್ತಾ?’ – ಓದುಗರ ಸ್ಪಂದನ

ಹೋದ ವಾರದ ಪ್ರಶ್ನೆ:

ನಂಗೆ 38 ವರ್ಷ, ದಾವಣಗೆರೆ. ಕಸೂತಿ ಹಾಕೋದು ನನ್ನ ಹುಚ್ಚು, ಸೋದರತ್ತೆ ಕಲಿಸಿದ್ದು. ಒಂದೊಂದು ಪೀಸ್ ಮುಗಿದಾಗ ಫೋಟೋ ತೆಗೆದು ಸ್ಟೇಟಸ್‌ಗೆ, ಇನ್‌ಸ್ಟಾಗೆ ಹಾಕ್ತಿದ್ದೆ ಅಷ್ಟೆ, ಮಾರೋ ಆಸೆ ಇಲ್ಲ. ಈಗ ನಮ್ಮನೆಯವ್ರ ದೊಡ್ಡಕ್ಕ, ಮಗಳ ಮದುವೆಗೆ ಐದು ಬ್ಲೌಸ್ ಪೀಸ್ ಮಾಡ್ಕೊಡು ದಾರದ ದುಡ್ಡು ಕೊಡ್ತೀನಿ ಅಂತಾರೆ. ಗೆಳತಿಯೊಬ್ಳು ಇದೇ ಡಿಸೈನ್ ಮಷೀನಿಂದು 250ಕ್ಕೆ ಸಿಗುತ್ತೆ ಕಣೆ ಅಂತ ಲಿಂಕ್ ಕಳಿಸ್ತಾಳೆ. ಯಾರೋ ಗೊತ್ತಿಲ್ದೋರು ನಾನು ಕಸೂತಿಲಿ ಹಾಕಿದ ತೇರಿನ ಫೋಟೋನೇ ಎತ್ಕೊಂಡು ‘ಆರ್ಡರ್‌ಗೆ ಮೆಸೇಜ್ ಮಾಡಿ’ ಅಂತ ತಮ್ಮ ಪೇಜಲ್ಲಿ ಹಾಕ್ಕೊಂಡಿದಾರೆ. ಬೇಜಾರಾಗಿ ಮೂರು ತಿಂಗಳಿಂದ ಏನೂ ಹಾಕಿಲ್ಲ. ತೋರಿಸೋದು ನಿಂತ ಮೇಲೆ ಸೂಜಿ ಹಿಡಿಯೋಕೂ ಮನಸ್ಸು ಬರ್ತಿಲ್ಲ. ಏನ್ ಮಾಡ್ಲಿ?

*

ತಂಗಿ, ನಿಮ್ಮ ಪತ್ರ ಓದಿ ನಕ್ಕೆ ಅಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ಇದೆಲ್ಲಾ ನನಗ ಇಪ್ಪತ್ತ ವರ್ಷದ ಹಿಂದನ ಆಗೇದ. ಆಗ ಸ್ಟೇಟಸ್ಸೂ ಇರ್ಲಿಲ್ಲ ಇನ್‌ಸ್ಟಾನೂ ಇರ್ಲಿಲ್ಲ, ಉಟ್ಕೊಂಡು ಮದ್ವಿಗೆ ಹೋದ್ರ ಸಾಕಾಗಿತ್ತು. ಕರೀ ಚಂದ್ರಕಾಳಿ ಸೀರಿ ಸೆರಗಿಗೆ ಗೋಪುರ, ಆನಿ, ತುಳಸಿಕಟ್ಟಿ ಹಾಕಿದ್ದೆ, ಊಟದ ಪಂಕ್ತ್ಯಾಗ ಬಾಜೂಕ ಕುಂತಾಕಿ ಸೆರಗ ಹಿಡದು ‘ನಮ್ಮ ಹುಡುಗಿಗೂ ಒಂದ ಹಾಕಿಕೊಡ್ರಿ’ ಅಂದ್ಲು. ಎಲಿ ಮುಂದ ಕುಂತು ಒಲ್ಲೆ ಅನ್ನಾಕ ಬಾಯಿ ಬರ್ಲಿಲ್ಲ. ಹೂಂ ಅಂದೆ. ಆ ಒಂದ ಹೂಂ ಆಮ್ಯಾಲೆ ನಾಲ್ಕ ಬ್ಲೌಸ್ ಆತು.

ಮೂರನೇ ಬ್ಲೌಸಿನ್ಯಾಗ ಎಳಿ ಎಣಿಸೂದು ತಪ್ಪಿತು ನೋಡ್ರಿ. ಗವಂತಿ ಹೊಲಿಗಿ ಅಂದ್ರ ನಿಮಗ ಹೇಳಬೇಕಾಗಿಲ್ಲ, ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಹೋಗೂಮುಂದ ಒಂದ ಬಿಟ್ಟ ಒಂದ ಹಾಕ್ಕೋತ ಹೋಗೂದು, ಬರೂಮುಂದ ಅದೇ ಹಾದಿ ಹಿಡದು ಬಿಟ್ಟಲ್ಲೆ ತುಂಬ್ಕೋತ ಬರೂದು, ಗಂಟ ಹಾಕೂಹಂಗಿಲ್ಲ, ಹಿಂದ ಮುಂದ ಎರಡೂ ಕಡೆ ಒಂದ ನಮೂನಿ ಕಾಣಬೇಕು. ಹೋಗೂಮುಂದ ಒಂದ ಎಳಿ ಹೆಚ್ಚು ಕಡಿಮಿ ಆದ್ರ ಆಗ ಗೊತ್ತಾಗಂಗಿಲ್ಲ, ವಾಪಸ್ ಬಂದು ಕೂಡೂ ಜಾಗಾದಾಗ ಗೊತ್ತಾಗ್ತದ. ನಂದು ಗೋಪುರ ಒಂದ ಕಡೆ, ಕಳಸ ಒಂದ ಕಡೆ. ರಾತ್ರಿ ಹನ್ನೊಂದಕ್ಕ ಬಲ್ಬಿನ ಬುಡಕ್ಕ ಕುಂತು ಅಷ್ಟೂ ಬಿಚ್ಚಿದೆ, ರೇಷ್ಮಿ ಮ್ಯಾಲೆ ಸೂಜಿ ತೂತ ಹಂಗ ಉಳದ್ವು. ಯಾರ ಸಲುವಾಗಿ? ಪಂಕ್ತ್ಯಾಗ ಬಾಜೂಕ ಕುಂತಾಕಿ ಸಲುವಾಗಿ. ಮದ್ವಿ ದಿನ ಆ ಹುಡುಗಿ ಬ್ಲೌಸ್ ಹಾಕ್ಕೊಂಡಿರ್ಲಿಲ್ಲ, ಕೇಳಿದ್ರ ‘ತೋಳು ಟೈಟ್ ಆತ್ರಿ ಕಾಕೂ’ ಅಂದ್ಲು.

ಆವತ್ತಿನಿಂದ ಯಾರ ಕೇಳಿದ್ರೂ ನಂದ ಒಂದ ಮಾತು, ‘ಹಾಕಿಕೊಡಾಕ ಆಗಂಗಿಲ್ಲ, ಬಾ, ಕಲಸ್ತೀನಿ. ಬರೂಮುಂದ ಎಳಿ ಎಣಿಸಾಕ ಬರೂವಂಥಾ ಮ್ಯಾಟಿ ಬಟ್ಟಿ ಒಂದ ಮೊಳ ತೊಗೊಂಡ ಬಾ.’ ಮ್ಯಾಟಿ ಬಟ್ಟಿ ಅಂದಕೂಡ್ಲೆ ಹತ್ತರಾಗ ಎಂಟ ಮಂದಿ ಮತ್ತ ಆ ಮಾತ ತಗಿಯಂಗಿಲ್ಲ. ಒಬ್ಬಾಕಿ ಎರಡ ದಿನ ಬಂದು ಕಣ್ಣ ನೋವು ಅಂತಾಳ. ಉಳದಾಕಿ ಒಬ್ಬಾಕಿ ಇದ್ಲು, ಈಗ ಮೆಟ್ಟಲದಂಗ ಹೋಗೂ ಮುರ್ಗಿ ಹೊಲಿಗಿ ನನಗಿಂತ ಚಂದ ಹಾಕ್ತಾಳ, ಖರೇ ಹೇಳ್ತೀನಿ ಹೊಟ್ಟಿಕಿಚ್ಚ ಆಗ್ತದ.

ನಿಮ್ಮ ಅತ್ತಿಗಿ ಮಗಳಿಗೆ ಒಂದ ಹಾಕಿಕೊಡ್ರಿ, ನಿಮ್ಮ ಮನಸಿಗೆ ಬಂದ ಡಿಸೈನು, ಉಡುಗೊರಿ ಅಂತ. ದಾರದ ದುಡ್ಡ ಮಾತ್ರ ಮುಟ್ಟಬ್ಯಾಡ್ರಿ, ಮುಟ್ಟಿದ್ರಿ ಅಂದ್ರ ಅದು ಆರ್ಡರ್ ಆಗ್ತದ, ಆಮ್ಯಾಲೆ ಬಣ್ಣ ಇದ್ಯಾಕ ಅದ್ಯಾಕ ಅಂತ ಕೇಳೂ ಹಕ್ಕ ಅವ್ರಿಗೆ ಬರ್ತದ.

– ಒಬ್ಬ ಕಾಕು, ಧಾರವಾಡ

*

ಹಾಯ್ ಮೇಡಂ, ನಾನು ಸೀರೆ ಕುಚ್ಚು ಹಾಕೋಳು, ಬೆಂಗಳೂರು. ನಿಮ್ ಥರಾನೇ ಟೈಮ್‌ಪಾಸ್‌ಗೆ ಶುರು ಮಾಡಿದ್ದು, ಎಲ್ರೂ ಬಿಸಿನೆಸ್ ಮಾಡು ಬಿಸಿನೆಸ್ ಮಾಡು ಅಂದ್ರು, ಮಾಡ್ದೆ. ದುಡ್ಡು ಬರುತ್ತೆ, ಸುಳ್ ಹೇಳಲ್ಲ. ಆದ್ರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಹದಿನೈದು ದಿನ ಮುಂಚೆಯಿಂದ ಸೋಫಾ ಮೇಲೆ ಬೇರೆಯೋರ ಸೀರೆ, ಮಂಚದ ಮೇಲೆ ಬೇರೆಯೋರ ಸೀರೆ, ಎಲ್ಲದಕ್ಕೂ ಪಿನ್ ಹಾಕಿ ಹೆಸರು ಬರೆದಿರೋ ಚೀಟಿ, ಅಡುಗೆ ಒಗ್ಗರಣೆ ಹಾಕೋಕೂ ಭಯ ಎಲ್ಲಿ ವಾಸನೆ ಹಿಡಿಯುತ್ತೋ ಅಂತ. ಇನ್ನೊಂದು ತಮಾಷೆ ಹೇಳ್ಲಾ? ನಾನು ಉಡೋ ಸೀರೆಗಳಿಗೇ ಕುಚ್ಚಿಲ್ಲ, ನೂಲು ಹಂಗೇ ನೇತಾಡ್ತಿರುತ್ತೆ. ಅದಕ್ಕೆ ಮಾರೋ ಆಸೆ ಇಲ್ಲ ಅಂತ ನೀವೇ ಬರ್ದಿದೀರಲ್ಲ, ಯಾರೇ ಹೇಳಿದ್ರೂ ಆ ಮಾತು ಬಿಡ್ಬೇಡಿ.

250ರ ಲಿಂಕ್ ಕಳಿಸಿದ ಫ್ರೆಂಡ್‌ಗೆ ಕೋಪ ಮಾಡ್ಕೋಬೇಡಿ, ಪಾಪ ಅವ್ರಿಗೆ ಗೊತ್ತಿಲ್ಲ. ಬಟ್ಟೆ ತಿರುಗಿಸಿ ಹಿಂದ್ಗಡೆ ನೋಡೇ ಅನ್ನಿ. ಮಷೀನ್ ಎಂಬ್ರಾಯ್ಡರಿ ಆದ್ರೆ ಹಿಂದೆ ಬಾಬಿನ್ ದಾರ, ಅಂದ್ರೆ ಮಷೀನಿನ ಕೆಳಗಡೆಯಿಂದ ಬರೋ ದಾರ ಕಾಣುತ್ತೆ, ಎಷ್ಟೋ ಸಲ ಬ್ಯಾಕಿಂಗ್ ಪೇಪರ್ ಚೂರು ಹಂಗೇ ಅಂಟ್ಕೊಂಡಿರುತ್ತೆ. ನಿಮ್ದು ಎರಡೂ ಕಡೆ ಒಂದೇ ಥರ ಇರುತ್ತಲ್ವಾ? ನಾನಾಗಿದ್ರೆ ಹಿಂಭಾಗದ ಫೋಟೋನೇ ಮೊದಲು ಹಾಕ್ತಿದ್ದೆ! ಕೆಳಗೆ ಎಷ್ಟು ಗಂಟೆ ಆಯ್ತು ಅಂತ ಬರೀರಿ. 40 ಗಂಟೆ ಹಿಡಿದಿದ್ರೆ ಗಂಟೆಗೆ ಬರೀ 50 ರೂಪಾಯಿ ಅಂದ್ಕೊಂಡ್ರೂ 2000 ಆಗುತ್ತೆ, ಬಟ್ಟೆ ದಾರ ಬೇರೆ, ಈ ಲೆಕ್ಕ ನೀವು ಹೇಳೋದೇ ಬೇಡ, ಗಂಟೆ ನೋಡಿದೋರು ಅವ್ರೇ ಹಾಕ್ಕೋತಾರೆ ಮತ್ತೆ ಸುಮ್ನಾಗ್ತಾರೆ.

– ಕುಚ್ಚು ಆಂಟಿ, ಬೆಂಗಳೂರು

*

ನಾನು ಕ್ರೋಶೆ ಹಾಕುವವ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ನೂಲು ಹೆಣೆಯುವವ. ಹೌದು, ಗಂಡಸು, ಬ್ಯಾಂಕಿನಲ್ಲಿ ಕೆಲಸ. ಮಗಳಿಗೆ ಒಂದು ಆಮೆ ಮಾಡಿ ಫೋಟೋ ಹಾಕಿದ್ದಕ್ಕೆ ಬಂದ ಮೊದಲ ಪ್ರಶ್ನೆ ‘ಹೆಂಡತಿ ಮಾಡಿದ್ದಾ?’ ಅಂತ. ನಾನೇ ಮಾಡಿದ್ದು ಮಾರಾಯ್ರೆ ಅಂದರೆ ನಂಬುವುದಿಲ್ಲ. ಹಾಗಾಗಿ ಅರ್ಧ ಆದ ಆಮೆಯನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಯುವ ಅಭ್ಯಾಸ ಆಯಿತು, ನನ್ನ ಕೈಗೆ ಕೂದಲುಂಟು, ನೋಡಿದ ಕೂಡಲೇ ಗೊತ್ತಾಗ್ತದೆ.

ಆ ಅಭ್ಯಾಸ ಆಮೇಲೆ ಉಪಕಾರಕ್ಕೆ ಬಂತು. ನನ್ನ ಆಮೆಯೂ ಒಬ್ಬರ ಪೇಜಿಗೆ ಹೋಗಿತ್ತು. ಕದ್ದವರ ಹತ್ತಿರ ಮುಗಿದ ಫೋಟೋ ಒಂದೇ ಇರ್ತದೆ, ಕಾಲು ಹೊಲಿಯುವ ಮೊದಲಿನದ್ದು, ಹತ್ತಿ ತುಂಬಿಸುವಾಗಿನದ್ದು ಅವರ ಹತ್ತಿರ ಎಲ್ಲಿಂದ ಬರಬೇಕು? ನಾನು ಜಗಳ ಮಾಡಲಿಲ್ಲ, ಆ ನಾಲ್ಕು ಫೋಟೋ ಅವರಿಗೇ ಕಳಿಸಿ ‘ಇದೂ ಬೇಕಾ?’ ಅಂತ ಕೇಳಿದೆ. ಸಂಜೆಯೊಳಗೆ ತೆಗೆದರು. ತೆಗೆಯದಿದ್ದರೆ ಆ ಪೋಸ್ಟಿನಲ್ಲೇ ರಿಪೋರ್ಟ್ ಮಾಡುವ ಆಯ್ಕೆ ಉಂಟು, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅಂದರೆ ಅದನ್ನು ತೆಗೆದವರೇ. ಫೋನಿನಲ್ಲಿರುವ ಮೂಲ ಫೋಟೋ ಮಾತ್ರ ಡಿಲೀಟ್ ಮಾಡಬೇಡಿ. ಮತ್ತೆ ಹೆಸರನ್ನು ಮೂಲೆಯಲ್ಲಿ ಬರೆದರೆ ಕತ್ತರಿಸಿ ಬಿಡ್ತಾರೆ, ತೇರಿನ ನಡುವಿಗೇ ತೆಳ್ಳಗೆ ಬರೆಯಿರಿ. ಚಂದ ಸ್ವಲ್ಪ ಹಾಳಾಗ್ತದೆ, ಏನು ಮಾಡುವುದು.

– ಆಮೆ ಅಪ್ಪ, ಮಂಗಳೂರು

*

ಎಲ್ರೂ ನಿಮ್ ಪರ ಬರೀತಾರೆ ಅಂತ ಗೊತ್ತು, ನಾನು ಬರಿಯಲ್ಲ. ಮನೆ ಹುಡುಗಿ ಮದುವೆ ಕಣಮ್ಮ, ಪ್ರೀತಿ ಇಲ್ದೆ ಕೇಳ್ತಾರಾ? ಅಂಗಡಿಯಿಂದ ತರೋಕೆ ಅವ್ರಿಗೆ ಗತಿ ಇಲ್ವಾ? ನಿಮ್ ಅತ್ತಿಗೆ ಜಾಗದಲ್ಲಿ ನಾನಿದ್ದು ಈ ಪತ್ರ ಓದಿದ್ರೆ ಬೇಜಾರಾಗ್ತಿತ್ತು. ಐದು ಜಾಸ್ತಿ ಆಯ್ತು ಬಿಡಿ, ಅದು ಒಪ್ತೀನಿ. ಎರಡು ಮಾಡ್ಕೊಡಿ.

– ನಾನೂ ಒಬ್ಳು ಅತ್ತಿಗೆ, ಹಾಸನ

*

ನಮ್ದು ಸಾಗರದ ಹತ್ರ ಹಳ್ಳಿ, ದೀವರ ಮನೆ. ನಮ್ಮಲ್ಲಿ ಹಸೆ ಚಿತ್ತಾರ ಬರೀತಾರೆ, ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯೋ ಭೂಮಣ್ಣಿ ಬುಟ್ಟಿ ಮೇಲೂ ಬರೀತೀವಿ, ಹೋದ ವರ್ಷ ನಾನು ಬರೆದ ಬುಟ್ಟಿ ಫೋಟೋ ಹಾಕಿದ್ದೆ. ಸುಮಾರು ಜನ ‘ನಿಮ್ಮ ಡಿಸೈನ್ ಸೂಪರ್’ ಅಂದ್ರು, ನಾನೂ ಖುಷಿಯಾಗಿ ಥ್ಯಾಂಕ್ಸ್ ಥ್ಯಾಂಕ್ಸ್ ಅಂತ ಹಾಕ್ತಾ ಕೂತಿದ್ದೆ, ಅಮ್ಮ ಪಕ್ಕದಲ್ಲಿ ಕೂತು ಓದಿಸಿ ಕೇಳಿ ‘ನಿಂದು ಯಾವಾಗಾಯ್ತೇ ಅದು?’ ಅಂದ್ಳು. ಮುಖಕ್ಕೆ ಹೊಡೆದಂಗಾಯ್ತು. ಆ ಎಳೆ ಅಜ್ಜಿದು, ಅಜ್ಜಿಗೆ ಅವಳ ಅತ್ತೆದು.

ನಿಮ್ಮ ಫೋಟೋ ಕದ್ದಿದ್ದು ತಪ್ಪೇ, ಅದು ಬೇರೆ ಮಾತು. ಆದ್ರೆ ನಾಳೆ ಯಾರಾದ್ರೂ ನಿಮ್ಮ ತೇರು ನೋಡ್ಕೊಂಡು ತಾವೇ ಕೂತು ಎಳೆ ಎಣಿಸಿ ಹಾಕಿದ್ರೆ ಅದನ್ನ ಕಳ್ಳತನ ಅನ್ಬೇಡಿ, ತೇರು ಎಲ್ಲರದ್ದು. ಸೋದರತ್ತೆ ಕಲಿಸಿದ್ದು ಅಂತ ಇಲ್ಲಿ ಬರೆದಿದೀರಿ, ಸ್ಟೇಟಸ್‌ನಲ್ಲಿ ಯಾವತ್ತಾದ್ರೂ ಬರೆದಿದ್ರಾ? ಸುಮ್ನೆ ಕೇಳಿದೆ. ನಾನು ಬರೆದಿರಲಿಲ್ಲ.

– ಬುಟ್ಟಿ ಬರೆಯೋಳು, ಸಾಗರ ತಾಲ್ಲೂಕು

*

ಮೆಲ್ಬರ್ನ್‌ನಿಂದ. ಮೂಲ ಮೈಸೂರು. ಸ್ಟೇಟಸ್ಸು ನೋಡೋ ಮುನ್ನೂರು ಜನರಲ್ಲಿ ಸೂಜಿ ಹಿಡಿಯೋರು ಎಷ್ಟು ಜನ ಇದಾರೆ ಹೇಳಿ, ಉಳಿದೋರು ರೇಟು ಕೇಳ್ದೆ ಇನ್ನೇನು ಕೇಳ್ತಾರೆ ಪಾಪ. ನಾವು ಆರು ಜನ ಬೇರೆ ಬೇರೆ ಊರಲ್ಲಿರೋರು ಸೇರ್ಕೊಂಡು ಒಂದು ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದೀವಿ, ರೂಲ್ ಒಂದೇ, ಕೆಟ್ಟಿದ್ದನ್ನೂ ಹಾಕ್ಬೇಕು. ಶುರು ಆಗಿದ್ದೇ ಒಂದು ಎಡವಟ್ಟಿಂದ. ನಾನು ಮಗುವಿನ ಟೋಪಿ ಪ್ಯಾಟರ್ನ್ ಬರೆದು ಕಳಿಸಿದ್ದೆ, ಇಲ್ಲಿ ನಾವು ಬ್ರಿಟಿಷ್ ಹೆಸರು ಬಳಸ್ತೀವಿ, ನಮ್ಮ ‘ಡಬಲ್ ಕ್ರೋಶೆ’ ಅಂದ್ರೆ ಅಮೆರಿಕದವ್ರಿಗೆ ‘ಸಿಂಗಲ್’. ಅವ್ರ ‘ಡಬಲ್’ ಇದಕ್ಕಿಂತ ಉದ್ದದ ಹೊಲಿಗೆ. ಡಲ್ಲಾಸ್‌ನಲ್ಲಿರೋ ಗೆಳತಿ ಅವ್ರ ಲೆಕ್ಕದಲ್ಲೇ ಹಾಕಿದ್ಳು, ಆರು ತಿಂಗಳ ಮಗುವಿನ ಟೋಪಿ ಅವಳ ಗಂಡನ ತಲೆಗೆ ಕರೆಕ್ಟಾಗಿ ಕೂತ್ಕೊಳ್ತು. ಆ ಫೋಟೋಗೆ ನಾವು ನಕ್ಕಷ್ಟು ಯಾವ ಚೆಂದದ ಫೋಟೋಗೂ ನಕ್ಕಿಲ್ಲ. ಸ್ಟೇಟಸ್ ಬಂದ್ ಮಾಡಿದ್ದು ಸರಿ ಇದೆ ಅನ್ಸುತ್ತೆ ನಂಗೆ, ಆದ್ರೆ ಬದಲಿಗೆ ಇಂಥ ನಾಲ್ಕು ಜನ ಹುಡುಕ್ಕೊಳ್ಳಿ. ತೋರಿಸೋಕೆ ಯಾರೂ ಇಲ್ದೆ ಹೋದ್ರೆ ಕೈ ಹಿಂದೆ ಬೀಳೋದು ನಂಗೂ ಆಗಿದೆ, ಇಲ್ಲಿಗೆ ಬಂದ ಹೊಸದ್ರಲ್ಲಿ ಎರಡು ವರ್ಷ ಕ್ರೋಶೆ ಕಡ್ಡಿ ಸೂಟ್‌ಕೇಸಿಂದ ಆಚೆ ಬಂದಿರ್ಲಿಲ್ಲ.

– ಟೋಪಿ, ಮೆಲ್ಬರ್ನ್

*

ಅಕ್ಕಾ, ನಿಮ್ಮ ಸಮಸ್ಯೆಗೆ ನನ್ನ ಹತ್ರ ಉತ್ತರ ಇಲ್ಲ. ಕಸೂತಿ ಕಲಿಯಾಕ ಹತ್ತಿ ನಾಲ್ಕ ತಿಂಗಳಾತು, ಮೊಬೈಲ್ ನೋಡ್ಕೊಂಡ ಕಲಿಯಾತೀನಿ, ಮನ್ಯಾಗ ಹೇಳಿಕೊಡವ್ರಿಲ್ಲ. ನೀವು ತೇರು ಹಾಕ್ತೀರಿ ಅಂತ ಓದಿದ ಮ್ಯಾಲೆ ಒಂದ ಕೇಳಬೇಕು ಅನಸ್ತು. ತೇರಿನ ಗಾಲಿ ಗುಂಡಗ ಕಾಣಬೇಕಂದ್ರ ಎಳಿ ಹೆಂಗ ಎಣಸ್ತೀರಿ? ಮೂರು ಸಲ ಬಿಚ್ಚಿ ಹಾಕೀನಿ, ನಂದು ಪ್ರತಿ ಸಲ ಚೌಕ ಆಗ್ತದ, ನಮ್ಮ ತಮ್ಮ ‘ಇದು ತೇರಲ್ಲ, ಕಪಾಟು’ ಅಂತಾನ. ಬಟ್ಟಿಗೆ ಕ್ಯಾನ್ವಾಸ್ ಹಚ್ಚಿ ಅದರ ಮ್ಯಾಲೆ ಹಾಕಿ ಆಮ್ಯಾಲೆ ಕ್ಯಾನ್ವಾಸಿನ ಎಳಿ ಜಗ್ತೀರೋ, ಇಲ್ಲಾ ಸೀದಾ ಬಟ್ಟಿ ಮ್ಯಾಲೆ ಹಾಕ್ತೀರೋ? ಗಾಲಿದಷ್ಟ ಫೋಟೋ ಇದ್ರೂ ಸಾಕು, ಹತ್ತಿರದಿಂದ ತಗದದ್ದು.

– ಹೊಸಾ ಹುಡುಗಿ, ಬಾಗಲಕೋಟ