‘ಸುಳ್ಳು ನೋವು’: ಬೇರೆ ಮಾತು ಇದೆಯೇ?

ಬಲ್ಲವರಲ್ಲಿ ಒಂದು ಕೇಳಿಕೆ.

ಚೊಚ್ಚಲ ಬಸುರಿಯರಿಗೆ ಹೆರಿಗೆಯ ತಯಾರಿ ತಿಳಿಸುವ ಪುಟ್ಟ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ತಾಯಿ ಕಾರ್ಡು, ಕಬ್ಬಿಣಾಂಶದ ಮಾತ್ರೆ, ಒಯ್ಯಬೇಕಾದ ಬಟ್ಟೆಬರೆ, 108ಕ್ಕೆ ಕರೆ ಮಾಡುವುದು, ಇವಕ್ಕೆಲ್ಲ ಮಾತು ಸಲೀಸಾಗಿ ಸಿಕ್ಕಿತು. ತೊಡಕಾದದ್ದು ಒಂದೇ ಕಡೆ. ದಿನ ತುಂಬುತ್ತ ಬಂದಾಗ ಹೊಟ್ಟೆ ಆಗಾಗ ಗಟ್ಟಿಯಾಗಿ, ಮತ್ತೆ ಸಡಿಲವಾಗುತ್ತದಲ್ಲ? 1872ರಲ್ಲಿ ಅದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಬ್ರಾಕ್ಸ್‌ಟನ್ ಹಿಕ್ಸ್ ಅವರ ಹೆಸರೇ ಅದಕ್ಕೆ ಅಂಟಿಕೊಂಡಿದೆ. ನೋವೂ ಸೇರಿಕೊಂಡರೆ ನಮ್ಮಲ್ಲಿ ‘ಸುಳ್ಳು ನೋವು’ ಅನ್ನುತ್ತಾರೆ.

ಈ ಮಾತು ನನಗೆ ಹಿಡಿಸುವುದಿಲ್ಲ. ತಂಗಿಯನ್ನು ಒಂದು ರಾತ್ರಿ ಆಸ್ಪತ್ರೆಗೆ ಕರೆದೊಯ್ದಿದ್ದೆವು. ‘ಸುಳ್ಳು ನೋವಮ್ಮ, ಮನೆಗೆ ಹೋಗು’ ಅಂದರು. ತಪಾಸಣೆ ಸರಿಯಾಗಿಯೇ ಇತ್ತು, ಆದರೆ ಅವಳಿಗೆ ಕೇಳಿಸಿದ್ದು ‘ನೀನು ಸುಳ್ಳು ಹೇಳುತ್ತಿದ್ದೀಯ’ ಎಂದು. ನಾಲ್ಕು ದಿನದ ಮೇಲೆ ಹೆರಿಗೆ ನೋವೇ ಬಂತು. ಬೆಳಗಿನ ತನಕ ಹಲ್ಲು ಕಚ್ಚಿಕೊಂಡು ಮಲಗಿದ್ದಳು, ಯಾರನ್ನೂ ಎಬ್ಬಿಸಲಿಲ್ಲ.

‘ಹುಸಿ ನೋವು’ ಎನ್ನಬಹುದೇ? ವಚನಗಳಲ್ಲಿ ಹುಸಿ ಅಂದರೆ ಸುಳ್ಳೇ. ಆದರೆ ‘ಹುಸಿನಗೆ’, ‘ನಿರೀಕ್ಷೆ ಹುಸಿಯಾಯಿತು’ ಎನ್ನುವಾಗ ಆ ಕಟುತನ ಅಷ್ಟಿಲ್ಲ. ಆದರೂ ಅನುಮಾನ ಉಳಿಯುತ್ತದೆ. ‘ಸಂಕೋಚನ’ ಪಠ್ಯಪುಸ್ತಕದ ಮಾತು, ಹೊಟ್ಟೆ ಹಿಡಿದುಕೊಂಡವಳ ಬಾಯಲ್ಲಿ ಬರುವುದಿಲ್ಲ. ವೇದನೆಯ ತದ್ಭವವಾದ ‘ಬೇನೆ’ ಉತ್ತರ ಕರ್ನಾಟಕದಲ್ಲಿ ಬ್ಯಾನಿಯಾಗಿ, ‘ಬ್ಯಾನಿ ತಿನ್ನು’ ಎಂದು ಜೀವಂತವಾಗಿದೆ. ಅದೇ ಮಾತು ಕೆಲವು ಕಡೆ ಕಾಯಿಲೆಯೂ ಹೌದು, ಬಸುರಿಗೆ ಕಾಯಿಲೆಯ ಭಯ ಹುಟ್ಟಿಸಲು ಮನಸ್ಸಿಲ್ಲ.

ಸದ್ಯಕ್ಕೆ ‘ತಾಲೀಮು ನೋವು’ ಎಂದು ಬರೆದಿಟ್ಟಿದ್ದೇನೆ. ಗರಡಿಯವರಿಗೂ ನಾಟಕದವರಿಗೂ ಗೊತ್ತಿರುವ ಮಾತು, ಮೈ ಸಜ್ಜಾಗುತ್ತಿದೆ ಎಂಬ ಅರ್ಥ ತಾನಾಗಿ ಬರುತ್ತದೆ. ಅದರ ಕೆಳಗೆ ಹೀಗಿದೆ: ‘ಅಡ್ಡಾಡಿದರೆ, ಮಗ್ಗುಲು ಬದಲಿಸಿದರೆ ತಾಲೀಮು ನೋವು ಸಾಮಾನ್ಯವಾಗಿ ತಗ್ಗುತ್ತದೆ. ಹೆರಿಗೆ ನೋವು ತಗ್ಗದೆ, ಬರಬರುತ್ತ ಜೋರಾಗಿ, ಹತ್ತಿರ ಹತ್ತಿರವಾಗುತ್ತದೆ. ನೀರು ಹೋದರೆ, ರಕ್ತ ಕಂಡರೆ, ಒಂಬತ್ತು ತಿಂಗಳು ತುಂಬುವ ಮೊದಲೇ ನೋವು ಬಿಟ್ಟುಬಿಟ್ಟು ಬರುತ್ತಿದ್ದರೆ ಯಾವ ನೋವೆಂದು ಯೋಚಿಸದೆ ಹೊರಡಿ.’

ಕೇಳಬೇಕಾದದ್ದು ಇಷ್ಟು. ನಿಮ್ಮ ಕಡೆಯ ಅಜ್ಜಿಯರು, ಸೂಲಗಿತ್ತಿಯರು ಈ ಬಂದುಹೋಗುವ ನೋವಿಗೆ ಏನನ್ನುತ್ತಿದ್ದರು? ಯಾವ ತಾಲ್ಲೂಕಿನ ಮಾತು ಎಂಬುದನ್ನೂ ದಯವಿಟ್ಟು ಬರೆಯಿರಿ. ‘ತಾಲೀಮು’ ಕಿವಿಗೆ ಒಡ್ಡೊಡ್ಡಾಗಿ ಕೇಳಿಸಿದರೆ ಅದನ್ನೂ ತಿಳಿಸಿ.